ಮಂಡಿ ಸವೆದಿದೆ ಅಂದರೆ ಕೂತುಬಿಡಬೇಕಾ?

(ಚಿಕ್ಕಮಗಳೂರಿನಲ್ಲಿ ಹಿರಿಯರು ಮತ್ತು ತೋಟದ ಕೆಲಸಗಾರರು ಸೇರಿದ್ದ ಸಭೆಯಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ಆಡಿದ ಮಾತಿನ ಬರಹ ರೂಪ.)

ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಎಲ್ಲರೂ ಕುರ್ಚಿಯ ಅಂಚಿಗೆ ಸ್ವಲ್ಪ ಮುಂದೆ ಬನ್ನಿ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಳ್ಳಿ. ಕೈ ಊರದೆ ಪೂರ್ತಿ ಎದ್ದು ನಿಲ್ಲಬೇಕು, ಮತ್ತೆ ಕೂರಬೇಕು. ನಾನು ಗಡಿಯಾರ ನೋಡುತ್ತೇನೆ. 30 ಸೆಕೆಂಡಿನಲ್ಲಿ ಎಷ್ಟು ಸಲ ಆಗುತ್ತದೋ ಎಣಿಸಿಕೊಳ್ಳಿ. ತಲೆ ಸುತ್ತುವವರು, ತೀರಾ ನೋವಿರುವವರು ಸುಮ್ನೆ ಕೂತು ನೋಡಿ. ನಾಚಿಕೆ ಏನಿಲ್ಲ.

ಆಯ್ತು. ಸಂಖ್ಯೆ ನೆನಪಿರಲಿ. 60ರಿಂದ 64 ವಯಸ್ಸಿನ ಹೆಂಗಸರಿಗೆ 12ಕ್ಕಿಂತ ಕಮ್ಮಿ, ಗಂಡಸರಿಗೆ 14ಕ್ಕಿಂತ ಕಮ್ಮಿ ಬಂದರೆ ಕಾಲಿನ ಬಲ ಸರಾಸರಿಗಿಂತ ಕೆಳಗಿದೆ ಅಂತ ಲೆಕ್ಕ. 70ರಿಂದ 74ರವರಲ್ಲಿ ಹೆಂಗಸರಿಗೆ 10, ಗಂಡಸರಿಗೆ 12. ಹಿಂದಿನ ಸಾಲಿನ ಅಣ್ಣ ಒಬ್ಬರು ‘ಒಂಬತ್ತು’ ಅಂದರು. ಆಮೇಲೆ ಮೆಲ್ಲಗೆ ‘ಕುರ್ಚಿ ತಗ್ಗು ಮೇಡಂ’ ಅಂತ ಸೇರಿಸಿದರು. ಒಳ್ಳೇ ಮಾತು. ಆ ತಗ್ಗು ಕುರ್ಚಿಗೆ ಆಮೇಲೆ ಬರುತ್ತೇನೆ.

ನನ್ನ ಹತ್ತಿರ ಬರುವವರು ಕೈಯಲ್ಲಿ ಎಕ್ಸ್‌ರೇ ಕವರ್ ಹಿಡಿದೇ ಬರುತ್ತಾರೆ. ನಾನು ಅದನ್ನು ತೆಗೆಯುವ ಮೊದಲೇ ಹೇಳುತ್ತಾರೆ: ‘ಮಂಡಿ ಸವೆದುಹೋಗಿದೆಯಂತೆ. ಗ್ಯಾಪೇ ಇಲ್ವಂತೆ.’ ಸವೆದಿದೆ ಅನ್ನುವ ಪದ ಒಮ್ಮೆ ತಲೆಗೆ ಹೋದರೆ ಮುಂದಿನದು ತಾನಾಗೇ ನಡೆಯುತ್ತದೆ. ಚಪ್ಪಲಿ ಸವೆದರೆ ಅದನ್ನು ಕಮ್ಮಿ ಹಾಕುತ್ತೇವೆ. ಟೈರು ಸವೆದರೆ ಗಾಡಿ ಕಮ್ಮಿ ಓಡಿಸುತ್ತೇವೆ. ಹಾಗೇ ಮಂಡಿ ಸವೆದಿದೆ ಅಂದರೆ ನಡೆಯುವುದನ್ನು ಕಮ್ಮಿ ಮಾಡುತ್ತೇವೆ. ಮೊದಲು ಸಂತೆಗೆ ಹೋಗುವುದು ನಿಲ್ಲುತ್ತದೆ. ಆಮೇಲೆ ತೋಟದ ಕಡೆ ಹೋಗುವುದು. ಆಮೇಲೆ ಮಗಳ ಮನೆಗೆ, ಯಾಕೆಂದರೆ ಅವಳದು ಎರಡನೇ ಮಹಡಿ. ಕೊನೆಗೆ ಜಗಲಿ, ಹಾಸಿಗೆ, ಬಚ್ಚಲು ಇಷ್ಟೇ. ಈ ಲೆಕ್ಕಾಚಾರದಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಆ ಪದದಲ್ಲಿ. ಟೈರಿಗೆ ಜೀವ ಇಲ್ಲ, ಮಂಡಿಗೆ ಇದೆ.

ಮಂಡಿಯೊಳಗೆ ಏನಿದೆ? ಮೇಲೆ ತೊಡೆಯ ಎಲುಬಿನ ತುದಿ, ಕೆಳಗೆ ಕಾಲಿನ ಎಲುಬಿನ ತುದಿ, ಮುಂದುಗಡೆ ಚಿಪ್ಪು. ಎಲುಬುಗಳ ತುದಿಗೆ ನುಣ್ಣನೆಯ ಮೆತ್ತೆಯ ಹಾಗೆ ಕಾರ್ಟಿಲೇಜ್ ಇರುತ್ತದೆ. ಅದಕ್ಕೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ರಕ್ತ ಹೋಗದಿದ್ದರೆ ಅದಕ್ಕೆ ಊಟ ಎಲ್ಲಿಂದ? ಕೀಲಿನೊಳಗಿನ ಲೋಳೆಯಂಥ ದ್ರವದಿಂದ. ಒಣಗಿದ ತುಪ್ಪದ ಹೀರೆಕಾಯಿ ನಾರಿನಲ್ಲಿ ಮೈ ಉಜ್ಜಿಕೊಂಡವರು ಇಲ್ಲಿ ಬಹಳ ಜನ ಇದ್ದೀರಿ, ಅಲ್ವಾ? ಒದ್ದೆ ನಾರನ್ನು ಹಿಂಡಿದರೆ ನೀರು ಹೊರಗೆ ಬರುತ್ತದೆ. ಬಿಟ್ಟರೆ ಮತ್ತೆ ಹೀರಿಕೊಳ್ಳುತ್ತದೆ. ಹೆಜ್ಜೆ ಊರಿದಾಗ ಕಾರ್ಟಿಲೇಜ್ ಒತ್ತಿಕೊಳ್ಳುತ್ತದೆ, ಎತ್ತಿದಾಗ ಹೀರಿಕೊಳ್ಳುತ್ತದೆ. ಅದರ ಊಟ ಆಗುವುದೇ ಹೀಗೆ. ನೀವು ಕೂತೇ ಇದ್ದರೆ ಅದಕ್ಕೆ ಉಪವಾಸ.

ಕಾರ್ಟಿಲೇಜಿಗೆ ನರ ಇಲ್ಲ ಅಂದೆ. ಹಾಗಾದರೆ ನೋವು ಎಲ್ಲಿಂದ ಬರುತ್ತದೆ? ಕೀಲಿನ ಒಳಪದರ ಊದಿಕೊಂಡಾಗ ಬರುತ್ತದೆ. ಕೆಳಗಿನ ಎಲುಬಿನಿಂದ, ಸುತ್ತಲಿನ ಕಟ್ಟುಗಳಿಂದ, ಸೋತ ಸ್ನಾಯುಗಳಿಂದ ಬರುತ್ತದೆ. ಇದರಲ್ಲಿ ಬಹಳಷ್ಟು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ನಿಮಗೆ ‘ಗ್ರೇಡ್ 2, ಗ್ರೇಡ್ 3’ ಅಂತ ಹೇಳುತ್ತಾರಲ್ಲ, ಆ ಪದ್ಧತಿಯನ್ನು ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಅನ್ನುವ ಇಬ್ಬರು ವೈದ್ಯರು 1957ರಲ್ಲಿ ಪ್ರಕಟಿಸಿದರು. ಎಲುಬಿನ ಚಿತ್ರಕ್ಕೆ ಕೊಡುವ ಅಂಕ ಅದು. ನಿಮ್ಮ ನೋವಿಗೆ ಕೊಡುವ ಅಂಕ ಅಲ್ಲ. ಗ್ರೇಡ್ 4 ಇದ್ದೂ ದಿನಾ ತೋಟ ಸುತ್ತುವ ಅಜ್ಜನನ್ನು ನೋಡಿದ್ದೇನೆ. ಗ್ರೇಡ್ 1 ಇದ್ದು ಬಸ್ಸಿನ ಮೊದಲ ಮೆಟ್ಟಿಲು ಹತ್ತಲಾರದ 50ರ ಹೆಂಗಸನ್ನೂ ನೋಡಿದ್ದೇನೆ. ಎಕ್ಸ್‌ರೇ ಬೇಡ ಅನ್ನುತ್ತಿಲ್ಲ. ಅದನ್ನು ಜಾತಕದ ಹಾಗೆ ಓದಬೇಡಿ ಅಷ್ಟೇ.

ಹೊರೆಯಿಂದ ಮಂಡಿಗೆ ಏನೂ ಆಗುವುದಿಲ್ಲ ಅಂತಲೂ ನಾನು ಹೇಳುವುದಿಲ್ಲ. ಹಳೇ ಪೆಟ್ಟು, ಮೈತೂಕ, ವರ್ಷಗಟ್ಟಲೆ ಕುಕ್ಕರಗಾಲಲ್ಲಿ ಕೂತು ಮಾಡಿದ ಕೆಲಸ, ಹೊತ್ತ ಮೂಟೆ ಎಲ್ಲಕ್ಕೂ ಪಾಲಿದೆ. 50 ದಾಟಿದ ಹೆಂಗಸರಲ್ಲಿ ಈ ಮಂಡಿ ತೊಂದರೆ ಗಂಡಸರಿಗಿಂತ ಜಾಸ್ತಿ. ಆದರೆ ಬಂದ ಮೇಲೆ ಏನು ಮಾಡಬೇಕು ಅನ್ನುವುದು ಬೇರೆ ಪ್ರಶ್ನೆ.

ಅಲ್ಲಿಗೆ ಹೋಗಲು ತೊಡೆ ಮುಟ್ಟಿ ನೋಡಿಕೊಳ್ಳಿ. ಮುಂದಿನ ಭಾಗ. ಕಾಲು ನೇರ ಚಾಚಿ ಬಿಗಿ ಮಾಡಿ. ನೋವಿರುವ ಕಾಲು, ಇಲ್ಲದ ಕಾಲು ಎರಡನ್ನೂ ಮುಟ್ಟಿ. ನೋವಿರುವ ಕಡೆ ಮೆತ್ತಗಿದೆ, ಅಲ್ವಾ? ಮಂಡಿ ನೋಯುತ್ತಾ ಊದಿಕೊಂಡಿದ್ದಾಗ ಆ ಸ್ನಾಯು ಪೂರ್ತಿ ಬಿಗಿಯಾಗದ ಹಾಗೆ ನರಗಳೇ ತಡೆಯುತ್ತವೆ. ನೀವು ಸೋಮಾರಿಗಳು ಅಂತಲ್ಲ. ಆದರೆ ಸ್ನಾಯು ಸೋತರೆ ಇಳಿಜಾರಿನಲ್ಲಿ ಪ್ರತಿ ಹೆಜ್ಜೆಯ ಏಟೂ ನೇರ ಕೀಲಿಗೆ ಬೀಳುತ್ತದೆ. ಶಾಕ್ ಅಬ್ಸಾರ್ಬರ್ ಹೋದ ಜೀಪಿನಲ್ಲಿ ತೋಟದ ರಸ್ತೆಯಲ್ಲಿ ಹೋದ ಹಾಗೆ. ಗಾಡಿಯ ಹೋಲಿಕೆ ಬೇಡ ಅಂದವಳು ಮತ್ತೆ ಗಾಡಿಗೇ ಬಂದೆ, ನೋಡಿ. ಆದರೆ ಒಂದು ವ್ಯತ್ಯಾಸ ಇದೆ. ಈ ಶಾಕ್ ಅಬ್ಸಾರ್ಬರನ್ನು 70ನೇ ವಯಸ್ಸಿನಲ್ಲೂ ಮತ್ತೆ ಬೆಳೆಸಬಹುದು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕ್ಲಿನಿಕ್ಕಿನಲ್ಲಿದ್ದೆ. ಮಂಡಿ ನೋವು ಅಂತ ಬಂದವರಿಗೆಲ್ಲ ಹತ್ತು ದಿನದ ‘ಕರೆಂಟ್’ ಕೋರ್ಸು. ನೀವು ಹಾಗೇ ಕರೆಯುವುದಲ್ವಾ? ‘ಕರೆಂಟ್ ಕೊಡಿಸಿಕೊಂಡು ಬಂದೆ, ಲೈಟ್ ಇಡಿಸಿಕೊಂಡು ಬಂದೆ.’ ಜನ ಸಾಲಾಗಿ ಮಲಗಿರುತ್ತಿದ್ದರು. ನಾನು ಟೈಮರ್ ತಿರುಗಿಸುತ್ತಾ ಓಡಾಡುತ್ತಿದ್ದೆ. ಬಿಸಿ ತಾಗಿದಾಗ ಹಾಯಾಗುತ್ತಿತ್ತು, ನಿಜ. ಹತ್ತನೇ ದಿನ ಕೈಗೆ ಒಂದು ಜೆರಾಕ್ಸ್ ಹಾಳೆ ಕೊಟ್ಟು ‘ಮನೇಲಿ ವ್ಯಾಯಾಮ ಮಾಡಿ’ ಅನ್ನುತ್ತಿದ್ದೆವು. ಆ ಹಾಳೆಯಲ್ಲಿ ಚಡ್ಡಿ ಹಾಕಿದ ಬಿಳಿಯನೊಬ್ಬ ಕಾರ್ಪೆಟ್ಟಿನ ಮೇಲೆ ಮಲಗಿ ಕಾಲೆತ್ತಿದ್ದ. ತೋಟದ ಕೆಲಸಗಾರರ ಲೈನ್ ಮನೆಯಿಂದ ಬಂದ ಅಕ್ಕ ಒಬ್ಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದನ್ನ ಸೀರೆ ಉಟ್ಕೊಂಡು ಎಲ್ಲಿ ಮಾಡೋದು?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ತಿಂಗಳು ಬಿಟ್ಟು ಅದೇ ನೋವು ಹಿಡಿದು ವಾಪಸ್ ಬಂದರು. ಮತ್ತೆ ಹತ್ತು ದಿನ ಕರೆಂಟ್.

ಇಂಗ್ಲೆಂಡಿನಲ್ಲಿ ಯಾವ ಚಿಕಿತ್ಸೆಗೆ ಎಷ್ಟು ಆಧಾರ ಇದೆ ಅಂತ ತೂಗಿ ನೋಡುವ ನೈಸ್ ಅನ್ನುವ ಸಂಸ್ಥೆ ಇದೆ. 2022ರ ಅವರ ಮಾರ್ಗಸೂಚಿ ಈ ನೋವಿಗೆ ಮೊದಲ ಜಾಗ ಕೊಟ್ಟಿರುವುದು ವ್ಯಾಯಾಮಕ್ಕೆ. ಅಲ್ಟ್ರಾಸೌಂಡ್, ಟೆನ್ಸ್, ಇಂಟರ್‌ಫೆರೆನ್ಷಿಯಲ್ ಥರದ ಕರೆಂಟ್ ಚಿಕಿತ್ಸೆಗಳನ್ನು ಕೊಡಬೇಡಿ, ಆಧಾರ ಸಾಲದು ಅನ್ನುತ್ತದೆ. ಬಿಸಿ ಕಾವು ಕೊಟ್ಟರೆ ಹಿತ ಅನಿಸುತ್ತದಾ? ಮನೆಯಲ್ಲೇ ಬಿಸಿನೀರಿನ ಚೀಲ ಇಟ್ಟುಕೊಳ್ಳಿ. ಎಣ್ಣೆ ತಿಕ್ಕಿದರೆ ಹಿತವಾ? ತಿಕ್ಕಿ. ಅವು ಊಟದ ಜೊತೆಗಿನ ಉಪ್ಪಿನಕಾಯಿ. ಬರೀ ಉಪ್ಪಿನಕಾಯಿಯಲ್ಲಿ ಹೊಟ್ಟೆ ತುಂಬುವುದಿಲ್ಲ.

ಈಗ ತಗ್ಗು ಕುರ್ಚಿಗೆ ಬರೋಣ. ಕುರ್ಚಿಯಿಂದ ಎದ್ದು ಕೂರುವುದನ್ನು ನೀವು ಪರೀಕ್ಷೆ ಅಂದುಕೊಂಡಿರಿ. ಅದೇ ವ್ಯಾಯಾಮ ಕೂಡ. ನಾನು ಒಂದೇ ಒಂದನ್ನು ಹೇಳಿಕೊಡಬೇಕು ಅಂದರೆ ಇದನ್ನೇ ಹೇಳಿಕೊಡುತ್ತೇನೆ. ಕುರ್ಚಿ ತಗ್ಗು ಅನಿಸಿತಾ? ಅದರ ಮೇಲೆ ಎರಡು ಕಂಬಳಿ ಮಡಿಸಿ ಇಡಿ. ಕುರ್ಚಿ ಗೋಡೆಗೆ ತಾಗಿರಲಿ. ಪಾದ ಸ್ವಲ್ಪ ಹಿಂದೆ ಎಳೆದುಕೊಳ್ಳಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಎದ್ದೇಳಿ. ಕೂರುವಾಗ ದೊಪ್ಪನೆ ಬೀಳಬೇಡಿ. ಒಂದು, ಎರಡು, ಮೂರು ಅಂತ ಎಣಿಸಿ ಮೆಲ್ಲಗೆ ಕೂರಿ. ಆ ಮೆಲ್ಲಗೆ ಇಳಿಯುವುದರಲ್ಲೇ ಅರ್ಧ ಕೆಲಸ ಇದೆ. ಹತ್ತು ಸಲ ಸಲೀಸಾಗಿ ಆಗತೊಡಗಿದಾಗ ಒಂದು ಕಂಬಳಿ ತೆಗೆಯಿರಿ. ಅದೂ ಸಲೀಸಾದರೆ ಇನ್ನೊಂದು. ಮಾತ್ರೆಗೆ ಹೇಗೆ 250, 500 ಅಂತ ಇದೆಯೋ ಇಲ್ಲಿ ಡೋಸು ಇರುವುದು ಕಂಬಳಿಯಲ್ಲಿ.

ಕುರ್ಚಿಗೂ ಆಗದಷ್ಟು ನೋವಿದ್ದರೆ ಹಾಸಿಗೆಯಿಂದ ಶುರು ಮಾಡಿ. ಒಂದು ಟವೆಲ್ ಸುರುಳಿ ಸುತ್ತಿ ಮಂಡಿಯ ಕೆಳಗಿಡಿ. ಮಂಡಿಯಿಂದ ಅದನ್ನು ಕೆಳಕ್ಕೆ ಒತ್ತಿ, ಐದು ಸೆಕೆಂಡ್ ಹಿಡಿದು ಬಿಡಿ. ಹತ್ತು ಸಲ. ಸೀರೆ ಉಟ್ಟೂ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು ಅಡುಗೆ ಕಟ್ಟೆಯ ಹತ್ತಿರ. ಹಾಲು ಉಕ್ಕುವುದನ್ನು ಕಾಯುತ್ತಾ ನಿಂತಿರುತ್ತೀರಲ್ಲ, ಆಗ ಕಟ್ಟೆ ಹಿಡಿದು ಒಂದು ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸಿ. ಮಂಡಿ ನೋವಿಗೆ ಸೊಂಟದ ಪಕ್ಕದ ಸ್ನಾಯು ಯಾಕೆ ಅನ್ನುತ್ತೀರಿ. ಅದು ಸೋತರೆ ನಡೆಯುವಾಗ ಮೈ ಆ ಕಡೆ ಈ ಕಡೆ ವಾಲುತ್ತದೆ, ನಡಿಗೆ ಕೆಡುತ್ತದೆ. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದನ್ನೂ ಅಲ್ಲೇ ಮುಗಿಸಿ. ಹಾಲು ಉಕ್ಕಿದರೆ ನನ್ನನ್ನು ಬೈಯಬೇಡಿ.

ವಾರಕ್ಕೆ ಮೂರು ದಿನ ಆದರೂ ಮಾಡಬೇಕು. ಹನ್ನೆರಡು ವಾರ ಬಿಡದೆ ಮಾಡಬೇಕು. ಮೂರನೇ ದಿನಕ್ಕೇ ಫೋನ್ ಮಾಡಿ ‘ಏನೂ ವ್ಯತ್ಯಾಸ ಇಲ್ಲ’ ಅನ್ನುವವರಿದ್ದಾರೆ. ಕಾಫಿ ಗಿಡ ನೆಟ್ಟು ಮೂರನೇ ದಿನಕ್ಕೆ ಹಣ್ಣು ಹುಡುಕುತ್ತೀರಾ?

ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ: ಮಾಡುವಾಗ ನೋವಾದರೆ ನಿಲ್ಲಿಸಬೇಕಾ? ನಮ್ಮ ಪುಸ್ತಕದಲ್ಲಿ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೇಳಿ ಅಂತ ಇದೆ. ಇಲ್ಲಿಯ ಹಿರಿಯರಿಗೆ ಅದು ಒಗ್ಗುವುದಿಲ್ಲ. ಎಷ್ಟು ನೋವು ಅಂದರೆ ‘ಬಹಳ’ ಅನ್ನುತ್ತಾರೆ. ಆದರೆ ‘ಎಷ್ಟು ವಾಸಿ’ ಅಂದರೆ ಥಟ್ಟನೆ ‘ಹತ್ತಾಣೆ ವಾಸಿ’ ಅಂತಾರೆ! ಅದಕ್ಕೆ ನಾನು ನೋವನ್ನೂ ಆಣೆಯಲ್ಲೇ ಕೇಳುತ್ತೇನೆ. ಹದಿನಾರಾಣೆ ಅಂದರೆ ಪೂರ್ತಿ. ವ್ಯಾಯಾಮ ಮಾಡುವಾಗ ನಾಲ್ಕಾಣೆ ನೋವು ಬಂದರೆ ಚಿಂತೆ ಬೇಡ. ಎಂಟಾಣೆವರೆಗೂ ತಡೆದುಕೊಳ್ಳಬಹುದು, ಮಾರನೇ ಬೆಳಿಗ್ಗೆಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿದ್ದರೆ. ಹನ್ನೆರಡಾಣೆ ಆಯಿತು, ಅಥವಾ ಮಾರನೇ ದಿನವೂ ಊತ ಇದೆ ಅಂದರೆ ಡೋಸು ಜಾಸ್ತಿಯಾಗಿದೆ. ಕಂಬಳಿ ವಾಪಸ್ ಇಡಿ. ಹತ್ತರ ಬದಲು ಐದು ಸಲ ಮಾಡಿ. ನಿಲ್ಲಿಸಬೇಡಿ, ಇಳಿಸಿ.

ಮಂಡಿಯಲ್ಲಿ ಕಟಕಟ ಸದ್ದು ಬರುತ್ತದೆ ಅಂತ ಹೆದರಿ ನಿಲ್ಲಿಸುವವರೂ ಇದ್ದಾರೆ. ನೋವಿಲ್ಲದ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ. ಹಳೇ ಮನೆಯ ಬಾಗಿಲೂ ಸದ್ದು ಮಾಡುತ್ತದೆ.

ಇನ್ನೊಂದು ಮಾತು, ದಿಂಬಿನದು. ರಾತ್ರಿ ಮಂಡಿ ಕೆಳಗೆ ದಪ್ಪ ದಿಂಬು ಇಟ್ಟುಕೊಂಡರೆ ಹಾಯಾಗುತ್ತದೆ. ಆದರೆ ತಿಂಗಳುಗಟ್ಟಲೆ ಹಾಗೇ ಮಲಗಿದರೆ ಮಂಡಿ ಮಡಿಚಿದ ಹಾಗೇ ಬಿಗಿದುಕೊಳ್ಳುತ್ತದೆ. ಕಾಲು ಪೂರ್ತಿ ನೇರವಾಗದಿದ್ದರೆ ನಿಂತಾಗಲೂ ತೊಡೆ ದುಡಿಯುತ್ತಲೇ ಇರಬೇಕು. ಸ್ವಲ್ಪ ಹೊತ್ತು ಇಟ್ಟುಕೊಳ್ಳಿ, ಮಲಗುವ ಮುಂಚೆ ತೆಗೆಯಿರಿ. ಇಂಥ ಬಿಗಿದ ಮಂಡಿಗೆ ನಾವು ಕೈಯಿಂದ ಹಿಡಿದು ಸಡಿಲಿಸುವ ಚಿಕಿತ್ಸೆಯೂ ಇದೆ. ಅದರಿಂದ ಕೀಲು ಸಲೀಸಾಗುತ್ತದೆ. ಆ ಸಲೀಸಿನಲ್ಲೇ ವ್ಯಾಯಾಮ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಬಿಗಿಯುತ್ತದೆ.

ಇದೆಲ್ಲ ನಿಜಕ್ಕೂ ಕೆಲಸ ಮಾಡುತ್ತದಾ? ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ ನಡೆದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. 156 ಜನ. ಅರ್ಧ ಜನಕ್ಕೆ ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್, ಅರ್ಧ ಜನಕ್ಕೆ ಈಗ ಹೇಳಿದ ಕೈಯಿಂದ ಸಡಿಲಿಸುವ ಚಿಕಿತ್ಸೆ ಮತ್ತು ವ್ಯಾಯಾಮ. ನೋವು, ಬಿಗಿತ, ಓಡಾಟದ ತೊಂದರೆ ಸೇರಿಸಿ 240ಕ್ಕೆ ಅಂಕ. ಅಂಕ ಜಾಸ್ತಿ ಇದ್ದಷ್ಟೂ ಕಷ್ಟ ಜಾಸ್ತಿ. ಶುರುವಿನಲ್ಲಿ ಎರಡೂ ಗುಂಪು 108ರ ಆಸುಪಾಸಿನಲ್ಲಿದ್ದವು. ಒಂದು ವರ್ಷಕ್ಕೆ ಇಂಜೆಕ್ಷನ್ ಗುಂಪು 55.8ಕ್ಕೆ ಇಳಿಯಿತು. ವ್ಯಾಯಾಮದ ಗುಂಪು 37ಕ್ಕೆ.

ನಮ್ಮ ಪರವಾಗಿಲ್ಲದ ಅಧ್ಯಯನವನ್ನೂ ಹೇಳಬೇಕು, ಇಲ್ಲದಿದ್ದರೆ ಅದು ವ್ಯಾಪಾರ ಆಗುತ್ತದೆ. 2021ರಲ್ಲಿ 377 ಜನರ ಮೇಲೆ ನಡೆದ ಒಂದು ಅಧ್ಯಯನ ಬಂತು. ಒಂದು ಗುಂಪು ಭಾರದ ತೂಕ ಎತ್ತಿತು, ಒಂದು ಹಗುರ ತೂಕ. ಮೂರನೆಯ ಗುಂಪು ಬರೀ ಸೇರಿ ಆರೋಗ್ಯದ ಮಾತು ಕೇಳಿಸಿಕೊಂಡಿತು. ಒಂದೂವರೆ ವರ್ಷದ ಕೊನೆಗೆ ನೋವಿನಲ್ಲಿ ಮೂರು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ! ಇದನ್ನು ಓದಿ ನಾನು ಒಂದು ವಾರ ಮಂಕಾಗಿದ್ದೆ. ಆಮೇಲೆ ಎರಡು ವಿಷಯ ಅನಿಸಿತು. ಒಂದು, ಜಿಮ್ಮಿಗೆ ಹೋಗಿ ಕಬ್ಬಿಣ ಎತ್ತಲೇಬೇಕು ಅಂತ ನಿಮ್ಮನ್ನು ಹೆದರಿಸುವ ಹಾಗಿಲ್ಲ. ಇನ್ನೊಂದು, ನಾಲ್ಕು ಜನ ಸೇರಿ, ಯಾರೋ ವಿಚಾರಿಸಿಕೊಂಡರೆ ಅದೂ ನೋವಿಗೆ ತಾಗುತ್ತದೆ. ಅದಕ್ಕೇ ನಾನು ಈಗ ವ್ಯಾಯಾಮವನ್ನು ಒಬ್ಬೊಬ್ಬರಿಗೆ ಹೇಳಿಕೊಡುವುದು ಕಮ್ಮಿ ಮಾಡಿದ್ದೇನೆ. ಆರು ಜನರನ್ನು ಒಟ್ಟಿಗೆ ಕೂರಿಸುತ್ತೇನೆ. ವ್ಯಾಯಾಮಕ್ಕಿಂತ ಸೊಸೆಯರ ಸುದ್ದಿ ಜಾಸ್ತಿ ಆಗುತ್ತದೆ. ಆಗಲಿ ಬಿಡಿ, ಬರುವುದು ತಪ್ಪಿಸುವುದಿಲ್ಲ.

ತೂಕದ ಮಾತು ಯಾರಿಗೂ ಇಷ್ಟ ಇಲ್ಲ, ಬೇಗ ಮುಗಿಸುತ್ತೇನೆ. ತೂಕ ಜಾಸ್ತಿ ಇರುವ, ಮಂಡಿ ನೋವಿರುವ ಹಿರಿಯರ ಮೇಲೆ 2005ರಲ್ಲಿ ಬಂದ ಅಧ್ಯಯನದ ಲೆಕ್ಕ: ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ನಾಲ್ಕು ಕೆಜಿ ಕಮ್ಮಿ. ಐದು ಕೆಜಿ ಇಳಿಸಿದರೆ ಹೆಜ್ಜೆ ಹೆಜ್ಜೆಗೂ 20 ಕೆಜಿ ಇಳಿಸಿದ ಹಾಗೆ. ಲೆಕ್ಕ ನೀವೇ ಹಾಕಿಕೊಳ್ಳಿ.

ನೆಲದ ಮೇಲೆ ಕೂರಬಾರದಾ, ಭಾರತೀಯ ಶೈಲಿಯ ಶೌಚಾಲಯ ಬಿಡಬೇಕಾ ಅಂತ ಚೀಟಿ ಬಂದಿದೆ. ಸಲೀಸಾಗಿ ಕೂತು ಏಳುತ್ತಿದ್ದೀರಾ? ಬಿಡಬೇಡಿ. ಬಿಟ್ಟರೆ ಮರೆತುಹೋಗುತ್ತದೆ. ನೋವು ಕೆರಳಿದ ದಿನಗಳಲ್ಲಿ ಕಮೋಡ್ ಕುರ್ಚಿ ಬಳಸಿ, ತರಕಾರಿ ಹೆಚ್ಚುವುದನ್ನು ನೆಲದ ಮಣೆಯಿಂದ ಮೇಜಿಗೆ ಎತ್ತಿ. ಕಣದಲ್ಲಿ ಕಾಫಿ ಆರಿಸುವವರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಇರುವುದೇ ಮಂಡಿಗೆ ಕಷ್ಟ. ಮಳೆಗಾಲದಲ್ಲಿ ನೋವು ಜಾಸ್ತಿ ಅಂತ ಎಲ್ಲರೂ ಹೇಳುತ್ತೀರಿ. ತೇವವನ್ನು ಬೈಯುವ ಮೊದಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಷ್ಟು ನಡೆದಿರಿ ಅಂತ ನೋಡಿಕೊಳ್ಳಿ. ಮಳೆ ಇದ್ದರೆ ಜಗಲಿಯಲ್ಲೇ ಹತ್ತು ನಿಮಿಷ, ದಿನಕ್ಕೆ ಮೂರು ಸಲ. ಬಿಸಿಲಿದ್ದರೆ ನಡೆಯಲು ನಮ್ಮೂರ ರತ್ನಗಿರಿ ಬೋರೆ ಪಾರ್ಕ್ ಇದೆಯಲ್ಲ.

ಊರುಗೋಲು ಹಿಡಿಯುವವರು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಿರಿ. ಬಲ ಮಂಡಿ ನೋವಾದರೆ ಎಡಗೈ. ಹೆಚ್ಚಿನವರು ಉಲ್ಟಾ ಹಿಡಿಯುತ್ತಾರೆ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಎತ್ತರಕ್ಕೆ ಬರಬೇಕು.

ಮಲ್ಲಂದೂರು ಕಡೆಯ ಅಮ್ಮ ಒಬ್ಬರು ಯುಗಾದಿ ಕಳೆದ ಮೇಲೆ ಬಂದಿದ್ದರು. ಏನಾಗಬೇಕಮ್ಮ ಅಂತ ಕೇಳಿದೆ. ‘ನೋವು ಹೋಗಬೇಕು’ ಅನ್ನಲಿಲ್ಲ. ‘ದೇವೀರಮ್ಮನ ಬೆಟ್ಟ ಹತ್ತಬೇಕು’ ಅಂದರು. ಬಿಂಡಿಗದ ದೇವೀರಮ್ಮ ನಿಮಗೆ ಗೊತ್ತು. ವರ್ಷಕ್ಕೊಮ್ಮೆ, ನರಕ ಚತುರ್ದಶಿಗೆ, ಬರಿಗಾಲಲ್ಲಿ ಜನ ಹತ್ತುವ ಬೆಟ್ಟ. ಕುರ್ಚಿ ಪರೀಕ್ಷೆಯಲ್ಲಿ ಅವರಿಗೆ ಬಂದಿದ್ದು ಆರು. ಎರಡು ಕಂಬಳಿಯಿಂದ ಶುರು ಮಾಡಿದೆವು. ಶ್ರಾವಣದ ಹೊತ್ತಿಗೆ ಕಂಬಳಿ ಹೋಯಿತು. ಆಮೇಲೆ ಮೆಟ್ಟಿಲು. ಹತ್ತುವುದಕ್ಕಿಂತ ಇಳಿಯುವುದನ್ನೇ ಜಾಸ್ತಿ ಅಭ್ಯಾಸ ಮಾಡಿಸಿದೆ. ಬೆಟ್ಟ ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ಮಂಡಿ ಸೋಲುತ್ತದೆ. ದೀಪಾವಳಿಗೆ ಅವರ ಸಂಖ್ಯೆ ಹನ್ನೊಂದಾಗಿತ್ತು. ಹೊರಟರು. ಅರ್ಧ ಹತ್ತಿ ವಾಪಸ್ ಬಂದರು. ಎರಡು ದಿನ ಎಂಟಾಣೆ ನೋವು, ಮೂರನೇ ದಿನ ನಾಲ್ಕಾಣೆ. ಬೇಜಾರಾಯಿತಾ ಅಂತ ಕೇಳಿದೆ. ‘ಅಲ್ಲಿಂದಲೇ ಕೈ ಮುಗಿದೆ, ದೇವಿಗೆ ಕಾಣಲ್ವಾ?’ ಅಂದರು. ಮುಂದಿನ ವರ್ಷಕ್ಕೆ ಈಗಲೇ ಮೆಟ್ಟಿಲು ಎಣಿಸುತ್ತಿದ್ದಾರೆ.

ಇಷ್ಟೆಲ್ಲ ಮಾಡಿದ ಮೇಲೂ ಆಪರೇಷನ್ ಬೇಕಾಗುವವರು ಇದ್ದಾರೆ. ಅದನ್ನು ಸೋಲು ಅಂದುಕೊಳ್ಳಬೇಡಿ. ಡೆನ್ಮಾರ್ಕಿನಲ್ಲಿ 100 ಜನರ ಮೇಲೆ ನಡೆದ ಅಧ್ಯಯನ 2015ರಲ್ಲಿ ಬಂತು. ಎಲ್ಲರೂ ಮಂಡಿ ಬದಲಾವಣೆಗೆ ಅರ್ಹರಾದವರೇ. 50 ಜನಕ್ಕೆ ಆಪರೇಷನ್ ಮಾಡಿ ಆಮೇಲೆ ವ್ಯಾಯಾಮ, 50 ಜನಕ್ಕೆ ಆಪರೇಷನ್ ಇಲ್ಲದೆ ವ್ಯಾಯಾಮ. ಆಪರೇಷನ್ ಆದವರು ಜಾಸ್ತಿ ಸುಧಾರಿಸಿದರು, ಅದು ನಿಜ. ಅವರಲ್ಲಿ ಗಂಭೀರ ತೊಂದರೆಗಳೂ ಜಾಸ್ತಿ ಕಂಡವು. ಇನ್ನೊಂದು ಗುಂಪೂ ಚೆನ್ನಾಗೇ ಸುಧಾರಿಸಿತು. ಅವರಲ್ಲಿ ಆ ವರ್ಷದೊಳಗೆ ಆಪರೇಷನ್‌ಗೆ ಹೋದವರು 13 ಜನ. ಹಾಗಾಗಿ ಯಾರಾದರೂ ಆಪರೇಷನ್ ಅಂದರೆ ಮೊದಲು ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿ ನೋಡಿ. ಕೊನೆಗೆ ಆಪರೇಷನ್ನೇ ಆದರೂ ಗಟ್ಟಿ ತೊಡೆ ಇಟ್ಟುಕೊಂಡು ಹೋದವರು ಬೇಗ ಓಡಾಡುತ್ತಾರೆ.

ಕೆಲವಕ್ಕೆ ನನ್ನ ಹತ್ತಿರ ಬರಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ. ಮಂಡಿ ಏಕಾಏಕಿ ಕೆಂಪಾಗಿ, ಬಿಸಿಯಾಗಿ ಊದಿಕೊಂಡು ಜ್ವರ ಬಂದರೆ ಅವತ್ತೇ ಹೋಗಿ. ಮೀನಖಂಡ ಊದಿಕೊಂಡು ನೋಯುತ್ತಿದ್ದರೂ ಅಷ್ಟೇ. ಮಂಡಿ ಸಿಕ್ಕಿಹಾಕಿಕೊಂಡು ಬಿಡಿಸಲು ಬರದಿದ್ದರೆ ತೋರಿಸಿ. ಬೆಳಿಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆ ಮೀರಿ ಉಳಿದರೆ, ಕೈ ಬೆರಳಿನ ಗಂಟುಗಳೂ ಊದಿದ್ದರೆ, ಅದು ಬೇರೆ ಥರದ ವಾತ ಇರಬಹುದು. ಅದಕ್ಕೆ ಬೇರೆ ಔಷಧಿ ಇದೆ.

ಕಾಫಿ ಕೆಳಗಿನ ಹಾಲ್‌ನಲ್ಲಿದೆಯಂತೆ. ಅಂದರೆ ಮೆಟ್ಟಿಲು ಇಳಿಯಬೇಕು. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋವಿರುವ ಕಾಲು ಮೊದಲು. ಒಂದು ಕೈ ಕಂಬಿಯ ಮೇಲಿರಲಿ, ಅವಸರ ಬೇಡ. ನಾನು ಮೆಟ್ಟಿಲ ಬುಡದಲ್ಲಿ ನಿಂತು ಒಬ್ಬೊಬ್ಬರನ್ನೇ ನೋಡುತ್ತೇನೆ. ಒಂಬತ್ತು ಬಂದ ಅಣ್ಣ, ನೀವೇ ಮೊದಲು ಬನ್ನಿ.